ವಿಕ್ರೋಳಿಯ ವಿಮಾನದ ಕಿಡಿ

ಅವರ ಎಡಗೆನ್ನೆಯ ಮೇಲೆ ಸದಾ ಎಣ್ಣೆಮಸಿಯ ಒಂದು ಗುರುತು ಇರುತ್ತಿತ್ತು. ಇಂಜಿನ್ನಿನ ಮೈಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಒಳಗಿನ ಸದ್ದನ್ನು ಆಲಿಸುವಾಗ ಅಂಟಿದ ಮಸಿ ಅದು. ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ನಮ್ಮ ಮೇಲಿನ ಮನೆ ಅವರದು. ಧಾರವಾಡದ ಕಡೆಯವರು, ವಿಮಾನಗಳ ದುರಸ್ತಿಯಲ್ಲೇ ಆಯುಷ್ಯ ಸವೆಸಿ ನಿವೃತ್ತರಾದವರು. ನಾವೆಲ್ಲ ಅವರನ್ನು ‘ಸಾಹೇಬರು’ ಎನ್ನುತ್ತಿದ್ದೆವು. ನಾನು ಶಾಲೆಯಲ್ಲಿ ಸಂಸ್ಕೃತ ಕಲಿಸಿದವನು, ನೆರೆಹೊರೆಯವರಿಗೆ ಪೂಜೆ ಮಾಡಿಸಿಕೊಡುವವನು. ಸಾಹೇಬರ ಬಾಯಲ್ಲಿ ನಾನು ‘ಆಚಾರ್ರು’.

ವಿಕ್ರೋಳಿಯ ಸಣ್ಣ ಕಾರ್ಖಾನೆಗಳ ಸಾಲಿನಲ್ಲಿ ಒಂದು ಗಾಳಾ, ಅಂದರೆ ಮಳಿಗೆಯಂಥ ಶೆಡ್ಡು, ಬಾಡಿಗೆಗೆ ಹಿಡಿದು, ಅಲ್ಲಿ ಅವರು ಎರಡು ಆಸನದ ಪುಟ್ಟ ವಿಮಾನವನ್ನು ಕೈಯಾರೆ ಕಟ್ಟುತ್ತಿದ್ದರು. ನನ್ನ ಕುತೂಹಲವೆಲ್ಲ ರೆಕ್ಕೆಗಿಂತ ಅದರ ಬೆಂಕಿಯ ಮೇಲೆ. ಬ್ಯಾಟರಿಯ ಹಂಗಿಲ್ಲದೆ ಕಿಡಿ ಹುಟ್ಟುವುದಾದರೂ ಹೇಗೆ? ಆಯುಧಪೂಜೆಯ ಖಂಡೇನವಮಿಯ ಹಿಂದಿನ ದಿನ, ಅದನ್ನು ನೋಡಲೆಂದೇ ಕುರ್ಲಾದಲ್ಲಿ ಗಾಡಿ ಬದಲಿಸಿ ಅವರೊಡನೆ ಹೋದೆ.

ಅಂದು ಅವರು ತೆಂಗಿನಕಾಯಿ ಗಾತ್ರದ ಮ್ಯಾಗ್ನೆಟೊವನ್ನು ಇಂಜಿನ್ನಿನ ಹಿಂಬದಿಗೆ ಕೂಡಿಸುತ್ತಿದ್ದರು. ಅದರೊಳಗೆ ಅಯಸ್ಕಾಂತ ತಿರುಗುತ್ತದೆ. ಆ ತಿರುಗುವಿಕೆಯಿಂದಲೇ ವಿದ್ಯುತ್ತು, ವಿದ್ಯುತ್ತಿನಿಂದ ಕಿಡಿ. ಅರಣಿಯನ್ನು ಮಥಿಸಿ ಯಜ್ಞಾಗ್ನಿಯನ್ನು ಪಡೆಯುವ ಕ್ರಮ ನೆನಪಾಗಿ ನನಗೆ ರೋಮಾಂಚನವಾಯಿತು. ಸಾಹೇಬರು ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಹೊರಳಿಸಿ, ಕಿಡಿ ಹಾರುವ ಹೊತ್ತನ್ನು ತೋರಿಸುವ ಪಕ್ಕದ ಪೆಟ್ಟಿಗೆಯ ಪುಟ್ಟ ದೀಪ ಹೊತ್ತಿದ ಕ್ಷಣದಲ್ಲಿ ನಟ್ಟು ಬಿಗಿದರು.

“ಪಿಸ್ಟನ್ ಪೂರಾ ಮ್ಯಾಲ ಬರೂಕಿಂತ ಮೊದಲ ಕಿಡಿ ಹಾರಬೇಕ್ರಿ.”

“ಮೊದಲ ಯಾಕ್ರಿ ಸಾಹೇಬ್ರ?”

“ಬೆಂಕಿಗೂ ಹರಡಲಿಕ್ಕೆ ಹೊತ್ತು ಬೇಕಲ್ರಿ. ಪೂಜಾದ ಮುಹೂರ್ತ ನೀವು ನೋಡ್ರಿ, ಕಿಡೀದು ನಾ ನೋಡ್ತೀನಿ.”

ಅವರದೊಂದು ಕಟ್ಟುನಿಟ್ಟಿನ ನೇಮವಿತ್ತು: ವಿಮಾನದ ಮೂತಿಯಲ್ಲಿರುವ ಪಂಖವನ್ನು, ಅಂದರೆ ಪ್ರೊಪೆಲ್ಲರನ್ನು, ಯಾರೂ ಮುಟ್ಟಕೂಡದು. ಮ್ಯಾಗ್ನೆಟೊದಿಂದ ಸ್ವಿಚ್ಚಿಗೆ ಹೋಗುವ ಒಂದು ತಂತಿ ಕಿಡಿಯನ್ನು ತಡೆದು ಹಿಡಿದಿರುತ್ತದೆ. ಆ ತಂತಿ ಕಳಚಿದರೆ ಸ್ವಿಚ್ಚು ಬಂದ್ ಇದ್ದರೂ ಇಂಜಿನ್ ಎಚ್ಚರವಾಗಿಯೇ ಇರುತ್ತದೆ. ಪಂಖ ತುಸು ತಿರುಗಿದರೂ ಹೊತ್ತಿಕೊಂಡು ಹೊಡೆದೀತು. “ಅದು ಮಲಗೇದ ಅಂತ ತಿಳೀಬ್ಯಾಡ್ರಿ,” ಎನ್ನುತ್ತಿದ್ದರು.

ನವಮಿಯಂದು ಪೂಜೆ ಸಾಂಗವಾಗಿ ನಡೆಯಿತು. ಆಯುಧಕ್ಕೆ ಮಾಲೆ ಹಾಕಿ, ತಿರುಗುವ ಯಂತ್ರವಾದರೆ ಕೈಯಿಂದ ಒಂದು ಸುತ್ತು ತಿರುಗಿಸಿ ಎಬ್ಬಿಸುವುದು ನಮ್ಮ ಪದ್ಧತಿ. ಚೆಂಡುಹೂವಿನ ಮಾಲೆ ಹಿಡಿದು ಪಂಖದತ್ತ ಕೈ ಚಾಚಿದೆ. ಸಾಹೇಬರು ನನ್ನ ಮಣಿಕಟ್ಟು ಹಿಡಿದರು.

“ತಡೀರಿ ಆಚಾರ್ರ.”

“ಸ್ವಿಚ್ ಬಂದ್ ಅದ ಅಲ್ರಿ! ಮುಹೂರ್ತ ದಾಟ್ತದ.”

“ದಾಟ್ಲಿ. ಪರೀಕ್ಷಾ ಮಾಡದ ಕೈ ಹಚ್ಚೂದು ಬ್ಯಾಡ.”

ಆರತಿ ತಟ್ಟೆ ಹಿಡಿದು ನಿಂತಿದ್ದ ಅವರ ಪತ್ನಿ, “ನೀವ ಕಟ್ಟಿದ ಇಂಜಿನ್ ಮ್ಯಾಲ ನಿಮಗ ನಂಬಿಕಿ ಇಲ್ಲೇನ್ರಿ?” ಎಂದು ಛೇಡಿಸಿದರು.

“ಅದರ ಮ್ಯಾಲ ಅದ. ನನ್ನ ಮ್ಯಾಲ ಇಲ್ಲ.”

ಸಿಲಿಂಡರುಗಳೊಳಗೆ ಕಿಡಿ ಹಾರಿಸುವ ಪ್ಲಗ್ಗುಗಳನ್ನೆಲ್ಲ ಸಾಹೇಬರು ಬಿಚ್ಚಿದರು. ಹಿಂದಿನ ದಿನ ಕೊಳವೆಗಳ ಪರೀಕ್ಷೆಗೆಂದು ಹರಿಸಿದ್ದ ಪೆಟ್ರೋಲಿನ ವಾಸನೆ ಹಬ್ಬಿತು. ಅದು ಆರುವವರೆಗೂ ನಮ್ಮನ್ನು ಕಾಯಿಸಿದರು. ಮುಹೂರ್ತ ದಾಟಿಯೇ ಹೋಯಿತು. ನನಗೆ ಒಳಗೊಳಗೇ ಅಸಮಾಧಾನ. ಆಮೇಲೆ ತಂತಿಗೆ ಸೇರಿದ್ದ ಒಂದು ಪ್ಲಗ್ಗನ್ನು ಸಿಲಿಂಡರಿನಿಂದ ದೂರ, ಇಂಜಿನ್ನಿನ ಬರಿಯ ಲೋಹದ ಮೇಲಿಟ್ಟು, ತಾವೇ ಪಂಖವನ್ನು ಮೆಲ್ಲಗೆ ತಿರುಗಿಸಿದರು. ಟಕ್ ಎಂದಿತು. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿಯೊಂದು ಹಾರಿತು. ಸ್ವಿಚ್ಚು ಬಂದ್ ಆಗಿಯೇ ಇತ್ತು.

ಸಾಹೇಬರು ಟಾರ್ಚು ಹಿಡಿದು ಹಿಂಬದಿಗೆ ಬಗ್ಗಿದರು. ಬೆಳಿಗ್ಗೆ ಇಂಜಿನ್ನನ್ನು ದೇವರ ಪಾತ್ರೆಯಂತೆ ತಿಕ್ಕಿ ಹೊಳಪು ಬರಿಸುವಾಗ, ಅಡ್ಡ ಬರುತ್ತದೆಂದು ಸ್ವಿಚ್ಚಿಗೆ ಹೋಗುವ, ಕಿಡಿ ತಡೆಯುವ ಆ ತಂತಿಯನ್ನು ಕಳಚಿದವರು ಅವರೇ. ಮರಳಿ ಜೋಡಿಸಿರಲಿಲ್ಲ.

“ತಪ್ಪು ನಂದ್ರಿ, ಆಚಾರ್ರ,” ಎಂದರು.

“ಮನ್ಯಾಗ ಒಂದ ತಂಬಿಗಿ ತಿಕ್ಕದವರು ಇವತ್ತ ತಿಕ್ಕಲಿಕ್ಕೆ ಹೋಗ್ಯಾರ,” ಎಂದು ಅವರ ಪತ್ನಿ ನಗಲು ನೋಡಿದರು. ಆರತಿ ತಟ್ಟೆಯನ್ನು ಕೆಳಗಿಟ್ಟರು.

ತಂತಿ ಜೋಡಿಸಿ ಅವರು ಮತ್ತೆ ತಿರುಗಿಸಿ ನೋಡಿದರು. ಟಕ್ ಎಂದಿತು, ಕಿಡಿಯಿಲ್ಲ. ಪ್ಲಗ್ಗುಗಳು ಹೊರಗಿರುವಾಗಲೇ ನನ್ನನ್ನು ಕರೆದರು. “ಈಗ ತಿರುಗಿಸ್ರಿ. ಪದ್ಧತಿ ಬಿಡೂದು ಬ್ಯಾಡ.” ತಿರುಗಿಸಿದೆ. ಸಂಜೆ ವಿಮಾನವನ್ನು ಅಂಗಳಕ್ಕೆ ತಳ್ಳಿ ಚಾಲೂ ಮಾಡಿದಾಗ ಅದು ಒಮ್ಮೆಗೇ ಗರ್ಜಿಸಿತು. ನನ್ನ ಪಂಚಾಂಗದ ಪ್ರಕಾರ ಅದು ರಾಹುಕಾಲ.

ಹಾರಾಟದ ಅನುಮತಿ ಬರುವ ಮೊದಲೇ, ಕಳೆದ ಶ್ರಾವಣದಲ್ಲಿ ಸಾಹೇಬರು ತೀರಿಕೊಂಡರು. ವಿಮಾನವನ್ನು ಅವರ ಪತ್ನಿ ಕಾಲೇಜೊಂದಕ್ಕೆ ಒಪ್ಪಿಸಿದರು. ನಾನು ನಿತ್ಯ ಸೂರ್ಯನಿಗೆ ಅರ್ಘ್ಯ ಕೊಟ್ಟ ಮೇಲೆ, ಶಾಸ್ತ್ರದಲ್ಲಿಲ್ಲದ ಒಂದು ಬೊಗಸೆ ನೀರನ್ನು ಅವರ ಹೆಸರಿನಲ್ಲಿ ಬಿಡುತ್ತೇನೆ. ಎರಡೂ ಕೈ ಉಳಿದಿದ್ದರೆ ತಾನೇ ಬೊಗಸೆ.