ಚಿನುಭಾಯಿಯ ಎಂಟನೇ ತರಗತಿ

ನಮ್ಮ ಪೋಳಿನ, ಎಂದರೆ ಒತ್ತೊತ್ತು ಮನೆಗಳ ಈ ಹಳೇ ಓಣಿಯ, ಚಿನುಭಾಯ್ ಮೂವತ್ತನಾಲ್ಕು ವರ್ಷ ಬಟ್ಟೆ ಗಿರಣಿಯ ಗೇಟಿನಲ್ಲಿ ಟೈಮ್ ಕೀಪರ್ ಆಗಿದ್ದವರು. ಗಿರಣಿಯ ಕೂಗು ನಿಂತ ಮರುಕ್ಷಣ ಗೇಟು ಹಾಕಿಸುವುದು ಅವರ ಕೆಲಸ. ಒಂದು ಕಾಲು ಒಳಗಿಟ್ಟು ಇನ್ನೊಂದನ್ನು ಎತ್ತುತ್ತಿದ್ದವನೂ ಅವರ ಲೆಕ್ಕದಲ್ಲಿ ಗೈರುಹಾಜರು. ನನ್ನ ಯಜಮಾನರು ಅದೇ ಗಿರಣಿಯ ಗೋದಾಮಿನಲ್ಲಿ ಗುಮಾಸ್ತರು. ಎದುರು ಮನೆಯವರೆಂದು ಅವರಿಗೆ ಒಂದು ದಿನವೂ ಅರ್ಧ ನಿಮಿಷದ ರಿಯಾಯಿತಿ ಸಿಕ್ಕಿದ್ದಿಲ್ಲ. ಅಷ್ಟು ನ್ಯಾಯವಂತರು.

ಮನೆಯಲ್ಲಿ ಹಾಕಿಸಲು ಗೇಟು ಇರಲಿಲ್ಲ, ಊಟದ ತಟ್ಟೆ ಇತ್ತು. ಅವರ ಹೆಂಡತಿ ಇಂದುಮತಿ ನಲವತ್ತೊಂದು ವರ್ಷ ಆ ತಟ್ಟೆಯ ಮುಂದೆ ಹಾಜರಿ ಕೊಟ್ಟಳು. ನಮ್ಮ ಓಣಿ ಎಷ್ಟು ಕಿರಿದೆಂದರೆ ಅವರ ಮನೆಯಲ್ಲಿ ಒಗ್ಗರಣೆ ಸಿಡಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತದೆ. ಹೀಗಾಗಿ ದಿನದ ತೀರ್ಪು ನನಗೂ ಕೇಳುತ್ತಿತ್ತು.

"ಲೇ ಇಂದು, ದಾಲ್‌ಗೆ ಬೆಲ್ಲ ಕಮ್ಮಿ."

"ಇಂದು, ಈ ರೋಟ್ಲಿ ಅಂಚು ನೋಡು. ಚಪ್ಪಲಿ ಅಂಚಿದ್ದಂಗಿದೆ."

ಚೆನ್ನಾಗಿದೆ ಎಂಬ ಮಾತು ಆ ಮನೆಯಿಂದ ಕೇಳಿಬಂದದ್ದಿದ್ದರೆ ರೇಡಿಯೋದಲ್ಲಿ ಬಂದಿರಬೇಕು.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಇಂದುಮತಿ ತೀರಿಕೊಂಡಳು. ಪೋಳಿನ ಹೆಂಗಸರು ಸರದಿ ಹಾಕಿಕೊಂಡು ಚಿನುಭಾಯಿಗೆ ಎರಡು ಹೊತ್ತು ಊಟ ಕಳಿಸಿದೆವು. ಮೊದಲ ವಾರ ಅವರು ಸುಮ್ಮನೆ ತಿಂದರು, ದುಃಖದಲ್ಲಿದ್ದರು ಪಾಪ. ಎರಡನೇ ವಾರ ದುಃಖ ಸ್ವಲ್ಪ ಇಳಿಯಿತು, ತಟ್ಟೆಯ ಜೊತೆ ತೀರ್ಪೂ ವಾಪಸು ಬರತೊಡಗಿತು. ಮಹಿಳಾ ಮಂಡಲದ ಅಧ್ಯಕ್ಷೆ ನಿರಂಜನಾಬೆನ್‌ಗೆ, "ನಿಮ್ಮ ಮಜ್ಜಿಗೆ ಕಢಿ ತೆಳು ಅಲ್ಲ, ಗಂಗೆ" ಎಂದರು. ನನಗೆ, "ಮಂಗುಬೆನ್, ಬೆಂಡೆಕಾಯಿನ ಹುರಿದಿದ್ದಾ, ಸುಟ್ಟಿದ್ದಾ?" ಎಂದರು. ಹೆಂಡತಿ ಕೇಳಿಸಿಕೊಂಡಳು, ನಾವೇಕೆ ಕೇಳಿಸಿಕೊಳ್ಳಬೇಕು? ತಟ್ಟೆಗಳು ಒಂದೊಂದಾಗಿ ನಿಂತವು.

"ನನಗ್ಯಾರ ಅನ್ನನೂ ಬೇಡ," ಎಂದು ಅವರು ಜಗಲಿಯಲ್ಲಿ ನಿಂತು ಸಾರಿದರು. "ಹೆಂಗಸರು ಮಾಡೋ ಕೆಲಸ ತಾನೇ? ಪುಸ್ತಕ ಓದಿದ್ರೆ ಬರುತ್ತೆ."

ಮಧ್ಯಾಹ್ನದ ಊಟಕ್ಕೆ ಬಸದಿಯ ಭೋಜನಶಾಲೆ ಇತ್ತು. ಸಂಜೆ ಅದರ ಬಾಗಿಲು ಮುಚ್ಚುತ್ತದೆ. ತೊಡಕು ಅಲ್ಲಿಯೇ. ಸೂರ್ಯ ಮುಳುಗಿದ ಮೇಲೆ ಅನ್ನ ನೀರು ಮುಟ್ಟುವುದಿಲ್ಲವೆಂದು ಗಂಡ ಹೆಂಡತಿ ಇಬ್ಬರೂ ಮೂವತ್ತು ವರ್ಷದ ಹಿಂದೆ ಮುನಿಗಳು ತಂಗುವ ಉಪಾಶ್ರಯದಲ್ಲಿ ಕೈಮುಗಿದು ವ್ರತ ಹಿಡಿದವರು. ಆ ವ್ರತವನ್ನು ಚಿನುಭಾಯ್ ಜ್ವರದಲ್ಲೂ ಬಿಟ್ಟವರಲ್ಲ. ಚಳಿಗಾಲದಲ್ಲಿ ನಮ್ಮ ಅಹಮದಾಬಾದಿನ ಸೂರ್ಯ ಆರು ಗಂಟೆಗೇ ಗೇಟು ಹಾಕಿಬಿಡುತ್ತಾನೆ. ಅವರಿಗೀಗ ಬೇರೆ ದಾರಿಯಿರಲಿಲ್ಲ: ಬೆಳಕಿರುವಾಗ ಒಂದು ಅಡುಗೆ ಮಾಡಿ ಮುಗಿಸಬೇಕು, ಇಲ್ಲವೇ ಬೈದ ಬಾಯಲ್ಲೇ ನಮ್ಮ ಹತ್ತಿರ ತಟ್ಟೆ ಕೇಳಬೇಕು.

ಮೊದಲ ಪುಸ್ತಕವನ್ನು ಅವರೇ ಆರಿಸಿದರು. ಹೊಳೆಯುವ ಕಾಗದ, ಪುಟಕ್ಕೊಂದು ಬಣ್ಣದ ಚಿತ್ರ, ಮುಖಪುಟದ ಮೇಲೆ 'ಶುದ್ಧ ಸಸ್ಯಾಹಾರ' ಎಂದು ಅಂಗೈಯಷ್ಟು ದಪ್ಪ ಅಕ್ಷರ. ಮನೆಗೆ ತಂದು ತೆರೆದರೆ ಪ್ರತಿ ಅಡುಗೆಯೂ 'ಎರಡು ಈರುಳ್ಳಿ ಹೆಚ್ಚಿಕೊಳ್ಳಿ' ಎಂದು ಶುರು. ಈರುಳ್ಳಿಯಾಗಲಿ ಗೆಡ್ಡೆಗಳಾಗಲಿ ಜೈನರ ಆ ಮನೆಯ ಹೊಸಿಲು ದಾಟಿದ್ದಿಲ್ಲ. ಒಂದು ಸಂಜೆಯಿಡೀ ಹಾಳೆ ತಿರುವಿ, ಈರುಳ್ಳಿ ಬೆಳ್ಳುಳ್ಳಿ ಆಲೂಗಡ್ಡೆ ಮೂರೂ ಇಲ್ಲದ ಅಡುಗೆಯೊಂದನ್ನು ಕೊನೆಗೂ ಹಿಡಿದರು. ಅದು ನಿಂಬೆ ಶರಬತ್ತು.

ಎರಡನೆಯದು ನಿರಂಜನಾಬೆನ್ ಕೊಟ್ಟದ್ದು, ನಮ್ಮ ಮಂಡಲವೇ ಅಚ್ಚು ಹಾಕಿಸಿದ ಪುಸ್ತಕ. ಅದರಲ್ಲಿ ಈರುಳ್ಳಿ ಇಲ್ಲ, ಅಡುಗೆಯೂ ಇಲ್ಲ. ಇರುವುದೆಲ್ಲ ನಮ್ಮ ಫೋಟೋ. ನನ್ನದೂ ಇದೆ, ಇಪ್ಪತ್ತಮೂರನೇ ಪುಟದಲ್ಲಿ, ಕಣ್ಣು ಮುಚ್ಚಿಕೊಂಡಿದ್ದೇನೆ. ಕೆಳಗೆ, 'ಬೇಕಾದಷ್ಟು ಹಿಟ್ಟನ್ನು ಅಗತ್ಯವಿದ್ದಷ್ಟು ನೀರು ಹಾಕಿ ಎಂದಿನಂತೆ ಕಲಸಿ, ಸರಿಯಾದ ಬಣ್ಣ ಬಂದಾಗ ಇಳಿಸಿ.' ಚಿನುಭಾಯ್ ಕಿಟಕಿಯಿಂದಲೇ ಕೂಗಿದರು:

"ಮಂಗುಬೆನ್! ಎಂದಿನಂತೆ ಅಂದ್ರೆ ಎಂದಿನಂತೆ?"

"ದಿನಾ ಮಾಡ್ತೀವಲ್ಲ, ಹಂಗೆ."

"ದಿನಾ ಮಾಡೋರಿಗೆ ಪುಸ್ತಕ ಯಾಕೆ?"

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಪುಸ್ತಕದಲ್ಲಿ ಫೋಟೋ ಬಂದದ್ದೇ ನನಗೆ ಹೆಚ್ಚಾಗಿತ್ತು.

ಮೂರನೆಯದರ ಹೆಸರಿನಲ್ಲೇ 'ಇಪ್ಪತ್ತು ನಿಮಿಷ' ಎಂದಿತ್ತು. ನಿಮಿಷ ಕಂಡೊಡನೆ ಟೈಮ್ ಕೀಪರ್ ಮನಸ್ಸು ಕರಗಿತು. ಸೂರ್ಯಾಸ್ತಕ್ಕೆ ಸರಿಯಾಗಿ ಇಪ್ಪತ್ತೈದು ನಿಮಿಷವಿರುವಾಗ ಗಡಿಯಾರ ಎದುರಿಗಿಟ್ಟುಕೊಂಡು ಶುರು ಮಾಡುವರು. ತರಕಾರಿ ಹೆಚ್ಚುವುದಕ್ಕೇ ಅರ್ಧ ಗಂಟೆ ಬೇಕೆಂದು ಬರೆದವನು ಹೇಳಿರಲಿಲ್ಲ. ಒಂದು ಸಾಲು ಓದುವುದು, ಒಂದು ಸಾಲು ಮಾಡುವುದು, ಆಮೇಲೆ ಮುಂದಿನ ಸಾಲು. ಒಂದು ದಿನ ಒಲೆ ಹಚ್ಚಿ, ಎಣ್ಣೆ ಕಾಯಿಸಿ, ಜೀರಿಗೆ ಸಿಡಿಸಿದ ಮೇಲೆ ಕೊನೆಯ ಸಾಲಿಗೆ ಬಂದರು: 'ಕಾಳನ್ನು ಆರು ಗಂಟೆ ಮೊದಲೇ ನೆನೆಸಿಟ್ಟಿರಬೇಕು.' ಸೂರ್ಯ ಅವರಿಗಾಗಿ ಕಾಯಲಿಲ್ಲ. ಅವರಾದರೂ ಯಾರಿಗೆ ಕಾದಿದ್ದರು?

ಡಬ್ಬಿಯಲ್ಲಿ ಗರಿಗರಿ ಒಣರೊಟ್ಟಿ, ಖಾಖ್ರಾ, ಇರುತ್ತಿತ್ತಲ್ಲ, ಅದನ್ನೇ ತಿನ್ನಬಾರದಿತ್ತೇ ಎಂದು ನೀವು ಕೇಳಬಹುದು. ಒಲೆಯ ಮುಂದೆ ನಿಂತು 'ಇನ್ನೆರಡೇ ನಿಮಿಷ' ಎನ್ನುವ ಗಂಡಸು ಡಬ್ಬಿಯ ಕಡೆ ನೋಡುವುದಿಲ್ಲ. ಖಾಖ್ರಾ ಚಹಾ ಎಲ್ಲ ಬೆಳಿಗ್ಗೆ, ಬಾಗಿಲು ಹಾಕಿಕೊಂಡು.

ಈ ಬಾಗಿಲು ಹಾಕಿಕೊಂಡದ್ದೇ ಎಡವಟ್ಟಾಯಿತು. ಪೋಳು ನೋಡಿದ್ದಿಷ್ಟು: ಚಿನುಭಾಯ್ ಮಧ್ಯಾಹ್ನ ಭೋಜನಶಾಲೆಯಲ್ಲಿ ಒಂದೇ ಒಂದು ಊಟ ಮಾಡುತ್ತಾರೆ, ಸಂಜೆ ಆ ಮನೆಯಿಂದ ತಟ್ಟೆ ತೊಳೆದ ಸದ್ದಿಲ್ಲ. ನಿರಂಜನಾಬೆನ್ ಕಣ್ಣೊರೆಸಿಕೊಂಡು ಹೇಳಿದರು, "ನೋಡಿ, ಹೆಂಡತಿ ನೆನಪಿಗೆ ದಿನಾ ಏಕಾಸಣ ಮಾಡ್ತಿದಾರೆ. ಬಾಯಿಬಿಟ್ಟು ಒಬ್ಬರ ಹತ್ರನೂ ಹೇಳ್ಕೊಂಡಿಲ್ಲ!"

ದಿನಕ್ಕೊಂದೇ ಊಟದ ತಪಸ್ಸು ಸಣ್ಣದಲ್ಲ. ಬೆಂಡೆಕಾಯಿಯ ಅವಮಾನ ಮರೆತು ಹೆಂಗಸರು ಅವರನ್ನು ಕಂಡಲ್ಲಿ ಕೈಮುಗಿಯತೊಡಗಿದರು. ಸೊರಗಿದ ಮುಖ ನೋಡಿ, "ಏನು ತೇಜಸ್ಸು!" ಎಂದರು. ಚಿನುಭಾಯ್ ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಖಾಲಿ ಹೊಟ್ಟೆಗೆ ಅಷ್ಟಾದರೂ ಬೀಳಲಿ ಎಂದುಕೊಂಡರೇನೋ.

ಹೀಗೆ ಚೈತ್ರ ಬಂತು. ಮಹಾವೀರ ಜಯಂತಿಯ ದಿನ ತಪಸ್ವಿ ಚಿನುಭಾಯಿಗೆ ಉಪಾಶ್ರಯದಲ್ಲಿ ಶಾಲು ಹೊದಿಸಿ ಸನ್ಮಾನ ಎಂದು ಕರಿಹಲಗೆಯ ಮೇಲೆ ಬರೆದರು. ಹಲಗೆಯಲ್ಲಿ ಅದನ್ನು ಓದಿದ ಮಧ್ಯಾಹ್ನವೇ ಚಿನುಭಾಯ್ ಹೆದರಿದ ಮುಖ ಹೊತ್ತು ನನ್ನ ಜಗಲಿಗೆ ಬಂದರು.

"ಮಾಡದ ತಪಸ್ಸಿಗೆ ಶಾಲು ಹೊದ್ಕೊಂಡ್ರೆ ಯಾವ ನರಕಕ್ಕೆ ಹೋಗ್ತೀನೋ."

"ಹಂಗಾದ್ರೆ ನಿಜ ಹೇಳಿ."

"ಏನಂತ ಹೇಳ್ಲಿ? ಮೂರು ಪುಸ್ತಕ ಓದಿದ್ರೂ ಒಂದು ಹಿಡಿ ಅನ್ನ ಬೇಯಿಸೋಕೆ ಬರಲ್ಲ ಅಂತಲಾ? ಆ ನಿರಂಜನಾಬೆನ್ ಮುಂದೆ? ಮಂಗುಬೆನ್, ನೀವೊಂದು ಪುಸ್ತಕ ಆರಿಸ್ಕೊಡಿ. ಜಯಂತಿ ಒಳಗೆ ಒಂದು ಸಂಜೆ, ಒಂದೇ ಒಂದು ಸಂಜೆ, ಹೊತ್ತು ಮುಳುಗೋದ್ರೊಳಗೆ ಊಟ ಮಾಡಿ ತೋರಿಸ್ಬೇಕು."

"ನಾನೇ ಕಲಿಸ್ತೀನಿ, ಪುಸ್ತಕ ಯಾಕೆ?"

"ನೀವು ಎಂದಿನಂತೆ ಅಂತೀರಿ."

ಗಾಂಧಿ ರಸ್ತೆಯ ಸೇತುವೆಯ ಕೆಳಗೆ ಹಳೆ ಪುಸ್ತಕದ ಅಂಗಡಿಗಳಿವೆ. ಇಬ್ಬರೂ ಅಲ್ಲಿಗೆ ಹೋದೆವು. ಅಂಗಡಿಯವನು ಬಣ್ಣದ ಪುಸ್ತಕಗಳನ್ನು ರಾಶಿ ಹಾಕಿದ. ನಾನು ಚಿತ್ರ ನೋಡಲಿಲ್ಲ. ಪ್ರತಿಯೊಂದರಲ್ಲೂ ಅನ್ನದ ಪುಟ ತೆಗೆದು ಬೆರಳಿಟ್ಟು ಓದಿದೆ. 'ಅನ್ನ ಬೇಯಿಸಿಕೊಳ್ಳಿ' ಎಂದಷ್ಟೇ ಇದ್ದದ್ದನ್ನೆಲ್ಲ ಪಕ್ಕಕ್ಕೆ ಸರಿಸಿದೆ.

"ಎಂಥದ್ದು ಬೇಕು ಮಾಸಿ ನಿಮಗೆ?" ಎಂದ ಅಂಗಡಿಯವನು.

"ಅಡುಗೆ ಬಲ್ಲೋರು ಬರೆದಿದ್ದು ಬೇಡಪ್ಪ. ಬಾರದೋರಿಗೆ ಹೇಳ್ಕೊಟ್ಟು ಹೇಳ್ಕೊಟ್ಟು ಸುಸ್ತಾದೋರು ಬರೆದಿದ್ದಿದ್ರೆ ಕೊಡು."

ಅವನು ತಲೆ ಕೆರೆದುಕೊಂಡು ಒಳಗಿನಿಂದ ತಂದದ್ದು ಎಂಟನೇ ತರಗತಿಯ ಹೆಣ್ಣುಮಕ್ಕಳ ಗೃಹವಿಜ್ಞಾನದ ಪಠ್ಯಪುಸ್ತಕ, ತುಂಬ ಹಳೆಯದು. ಮೊದಲ ಪಾಠ, ಕೈ ತೊಳೆಯುವುದು. ಎರಡನೆಯದು, ಒಲೆ ಹಚ್ಚುವುದು. ಏಳನೆಯದು ಖಿಚಡಿ: ಎಷ್ಟು ಬಟ್ಟಲು ಅಕ್ಕಿಗೆ ಎಷ್ಟು ಬಟ್ಟಲು ನೀರು, ತಳ ಹಿಡಿದರೆ ಏನು ಮಾಡಬೇಕು, ಎಲ್ಲ ಇದೆ.

"ಹುಡುಗೀರ ಪಠ್ಯಪುಸ್ತಕ! ಅದೂ ಎಂಟನೇ ತರಗತಿದು!" ಎಂದರು ಚಿನುಭಾಯ್.

"ಹೌದು, ನಿಮಗೆ ಸ್ವಲ್ಪ ಮೇಲಿನ ತರಗತಿನೇ ಆಯ್ತು. ನಿಭಾಯಿಸ್ಕೊಳ್ಳಿ."

ಆಲೂಗಡ್ಡೆ ಪಾಠದ ಹಾಳೆಗಳು ತೆರೆಯದಂತೆ ನಾನೇ ಪಿನ್ನು ಹೊಡೆದು ಕೊಟ್ಟೆ.

ಪಾಠದ ಕೊನೆಗೆ ಪ್ರಶ್ನೆಗಳಿದ್ದವು. ಗಿರಣಿಯ ಮನುಷ್ಯ, ನಿಯಮ ಬಿಡುವವರಲ್ಲ. ಎಲ್ಲಕ್ಕೂ ನೋಟ್‌ಬುಕ್ಕಿನಲ್ಲಿ ಉತ್ತರ ಬರೆದು ನನಗೆ ತೋರಿಸಿದರು. 'ಅಡುಗೆಗೆ ಮೊದಲು ಏನು ಮಾಡಬೇಕು?' ಉತ್ತರ: 'ಪಾಠವನ್ನು ಕೊನೆಯವರೆಗೆ ಓದಬೇಕು.' ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ಮೊದಲ ಸಂಜೆ ಖಿಚಡಿ ತಳ ಹಿಡಿಯಿತು. ಎರಡನೆಯ ಸಂಜೆ ಗಂಜಿಯಾಯಿತು, ಕುದಿಯುತ್ತಿರುವಾಗಲೇ ಹೊತ್ತೂ ಮುಳುಗಿತು.

ಜಯಂತಿಯ ಹಿಂದಿನ ದಿನ ಸೂರ್ಯಾಸ್ತ ಆರು ಐವತ್ತಾರಕ್ಕೆ. ನಾಲ್ಕು ಗಂಟೆಗೇ ಅಕ್ಕಿ ಬೇಳೆ ಆರಿಸುವ ಸದ್ದು ಕೇಳಿತು. ಆರು ನಲವತ್ತಕ್ಕೆ ಚಿನುಭಾಯ್ ಹಬೆಯಾಡುವ ತಟ್ಟೆ ಹಿಡಿದು ಹೊರಗೆ ಬಂದು, ಇಡೀ ಪೋಳಿಗೆ ಕಾಣುವಂತೆ ಜಗಲಿಯ ಮೇಲೆ ಚಕ್ಕಳಮಕ್ಕಳ ಕೂತು ತಿನ್ನತೊಡಗಿದರು. ಮರುದಿನದ ಶಾಲು ಕೊಂಡು ಬರುತ್ತಿದ್ದ ನಿರಂಜನಾಬೆನ್ ಅಲ್ಲಿಯೇ ನಿಂತರು.

"ಅಯ್ಯೋ ಚಿನುಭಾಯ್! ಇದೇನಿದು?"

"ಖಿಚಡಿ."

"ಮತ್ತೆ ನಿಮ್ಮ ಏಕಾಸಣ?"

"ಏಕಾಸಣ ಏನಿರಲಿಲ್ಲ ಬೆನ್. ಅಡುಗೆ ಬರ್ತಿರಲಿಲ್ಲ."

ನಿರಂಜನಾಬೆನ್ ಶಾಲನ್ನು ಸೆರಗಿನೊಳಗೆ ಸರಿಸಿಕೊಂಡು ಹೊರಟುಹೋದರು. ಮರುದಿನ ಅದು ಅವರ ಅತ್ತೆಯ ಹೆಗಲೇರಿತು. ಮನೆಯಲ್ಲೇ ಅಂಥ ತಪಸ್ವಿ ಇದ್ದದ್ದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಚಿನುಭಾಯ್ ಒಂದು ಬಟ್ಟಲಿನಲ್ಲಿ ಖಿಚಡಿ ಹಾಕಿ, ಮೇಲೆ ತುಪ್ಪ ಬಿಟ್ಟುಕೊಂಡು, ಓಣಿ ದಾಟಿ ಬಂದರು.

"ಇನ್ನೂ ಒಂಬತ್ತು ನಿಮಿಷ ಇದೆ. ತಿಂದು ಹೇಳಿ."

ನಾನು ಆತುರಪಡಲಿಲ್ಲ. ಒಂದು ತುತ್ತು ಬಾಯಿಗಿಟ್ಟು, ಅವರು ಮಾಡುತ್ತಿದ್ದ ಹಾಗೆಯೇ ಕಣ್ಣು ಕಿರಿದು ಮಾಡಿ ಸೂರಿನ ಕಡೆ ನೋಡಿದೆ. ಅವರು ಕೈಕಟ್ಟಿ ನಿಂತಿದ್ದರು, ಗೇಟಿನ ಹೊರಗೆ ಉಳಿದ ಕೂಲಿಯವನ ಹಾಗೆ.

"ಉಪ್ಪು ಕಮ್ಮಿ."

ಅವರ ಮುಖ ಇಳಿದುಹೋಯಿತು.

"ನಾಲ್ಕು ಗಂಟೆಯಿಂದ ನಿಂತಿದ್ದೀನಿ ಮಂಗುಬೆನ್. ಚೆನ್ನಾಗಿದೆ ಅಂತ ಒಂದ್ಮಾತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಹಾಗೆಂದವರು ಓಣಿಯಾಚೆ ತಮ್ಮ ಮನೆಯ ಅಡುಗೆಮನೆ ಕಿಟಕಿಯನ್ನೇ ನೋಡುತ್ತ ನಿಂತರು. ಒಳಗೆ ಪಾತ್ರೆಗಳು ತೊಳೆಯದೆ ಬಿದ್ದಿದ್ದವು.

ಉಪ್ಪು ಸರಿಯಾಗಿಯೇ ಇತ್ತು. ಹೊತ್ತು ಮುಳುಗುವುದರೊಳಗೆ ನಾನು ಬಟ್ಟಲು ಖಾಲಿ ಮಾಡಿದೆ.