ಮೂರನೇ ಯುದ್ಧದ ಮಳೆ

ಸುರಪುರದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬ, ಗೃಹಪ್ರವೇಶ, ಬಡ್ತಿ, ನಿವೃತ್ತಿ, ಕೊನೆಗೆ ಭಾವಪೂರ್ಣ ಶ್ರದ್ಧಾಂಜಲಿ, ಎಲ್ಲಕ್ಕೂ ಬ್ಯಾನರ್ ಮಾಡಿಕೊಡುತ್ತೇನೆ. ಗಿರಾಕಿಗಳು ಒಂದು ಫೋಟೋ ತಂದು ಟೇಬಲ್ ಮೇಲೆ ಒಗೆದು, "ಮ್ಯಾಟರ್ ನೀವೇ ಹಾಕ್ರಿ" ಎನ್ನುತ್ತಾರೆ. ನಾನು ಹಾಕುತ್ತೇನೆ. ಓಣಿಯ ನಲ್ಲಿಗೆ ಅಡ್ಡ ನಿಂತು ಜಗಳ ತೆಗೆಯುವವನು ನನ್ನ ಅಂಗಡಿಯಿಂದ 'ಜನಾನುರಾಗಿ'ಯಾಗಿ ಹೊರಗೆ ಹೋಗುತ್ತಾನೆ. ನಾಲ್ಕು ಮಂದಿಯ ಮುಂದೆ ನಿಂತರೆ ತೊದಲುವವನು 'ವಾಗ್ಮಿ' ಆಗುತ್ತಾನೆ. ಹದಿನೈದು ವರ್ಷ ಇದನ್ನೇ ಮಾಡಿ ಮಾಡಿ, ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೊಗಳಿಸಿಕೊಳ್ಳುವವರನ್ನು ಕಂಡರೆ ಇನ್ನೂ ಹೆಚ್ಚು.

ನನ್ನ ತಂಗಿ ಯಾದಗಿರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಕ್ಲಾಸು ಮುಗಿದ ಮೇಲೆ, ಭಾನುವಾರಗಳಲ್ಲಿ, ಒಬ್ಬಳೇ ನಾಲ್ಕು ವರ್ಷ ಕೂತು ಮೊಬೈಲಿನಲ್ಲಿ ಆಡುವ ಒಂದು ಯುದ್ಧದ ಆಟ ಮಾಡಿದಳು. ಒಂದು ಬಯಲು, ಆ ಕಡೆ ಒಂದು ದಂಡು, ಈ ಕಡೆ ಒಂದು ದಂಡು. ನಮ್ಮ ಸೈನಿಕರನ್ನು ಎಲ್ಲಿ ನಿಲ್ಲಿಸಬೇಕೋ ನಿಲ್ಲಿಸಿ ಗುಂಡಿ ಒತ್ತಬೇಕು. ಮುಂದಿನದು ನಮ್ಮ ಕೈಯಲ್ಲಿಲ್ಲ. ಯಾರ ತೂಕ ಎಷ್ಟು, ಇಳಿಜಾರು ಎಷ್ಟು, ಪೆಟ್ಟು ಎಲ್ಲಿ ಬಿತ್ತು ಎಂದು ಆಟ ತಾನೇ ಲೆಕ್ಕ ಹಾಕಿ ಅವರನ್ನು ಬಡಿದಾಡಿಸುತ್ತದೆ, ಉರುಳಿಸುತ್ತದೆ, ಕೆಡವುತ್ತದೆ. ತಂಗಿ ಇದನ್ನು ಫಿಸಿಕ್ಸ್ ಎನ್ನುತ್ತಿದ್ದಳು. ಫಿಸಿಕ್ಸಿಗೂ ನನಗೂ ಪಿಯುಸಿಯಲ್ಲೇ ಮಾತು ಬಿಟ್ಟಿತ್ತು.

ಅದು ಮುಗಿದ ದಿನ ಬಸ್ಸು ಹತ್ತಿ ಸುರಪುರಕ್ಕೆ ಬಂದು, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ, ಫೋನನ್ನು ನನ್ನ ಮುಂದೆ ಹಿಡಿದಳು. ಎಲ್ಲ ಸೈನಿಕರಿಗೂ ಒಂದೇ ಮುಖ, ಒಬ್ಬನನ್ನೇ ಜೆರಾಕ್ಸ್ ಮಾಡಿದ ಹಾಗೆ. ಯಾರು ಸತ್ತರೂ ಒಂದೇ ಕೂಗು. ಒಬ್ಬನಿಗೆ ಗದೆಯ ಪೆಟ್ಟು ಬಿತ್ತು, ಅವನ ಕಾಲು ನೆಲದಲ್ಲಿ ಸಿಕ್ಕಿಕೊಂಡು ಉಳಿದ ಮೈ ಫ್ಯಾನಿನಂತೆ ಗಿರಗಿರ ತಿರುಗತೊಡಗಿತು. ಆನೆಯೊಂದು ನಾಲ್ಕು ಹೆಜ್ಜೆ ಇಟ್ಟು, ತನ್ನ ಕಾಲನ್ನು ತಾನೇ ತೊಡರಿಕೊಂಡು, ಕೋಟೆಯ ಗೋಡೆಗೆ ಒರಗಿ, ಗೋಡೆಯೊಳಗಿಂದ ತೂರಿ ಆ ಕಡೆ ಬಿತ್ತು. ನಾನು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ.

"ಇದಕ್ಕ ನಾಕ್ ವರ್ಷ ಬೇಕಾತೇನು ನಿನಗ?"

ಅವಳು ಸಿಟ್ಟಾಗಲಿಲ್ಲ. "ನಗು, ಆದ್ರ ಪೂರಾ ಆಡಿ ನಗು. ಹನ್ನೆರಡು ಯುದ್ಧ ಅದಾವ. ಚೊಲೊ ಅದ ಅನ್ನವ್ರು ಭಾಳ ಮಂದಿ ಸಿಗ್ತಾರ ನನಗ. ಹೆಂಗದ ಅಂತ ನೀ ಹೇಳು. ನಮ್ಮ ಕಡಿ ಮಂದಿ ಆಡಿದ್ರ ಇದು ತಿಳೀಬೇಕಣ್ಣ. ತಿಳೀಲಿಲ್ಲಂದ್ರ ನನಗ ಮಾಡಾಕ ಬರಂಗಿಲ್ಲ ಅಂತ ಅರ್ಥ. ಬಿಟ್ಟುಬಿಡ್ತೀನಿ."

"ಆಡ್ತೀನಿ ಬಿಡು" ಎಂದೆ. ಅಷ್ಟರಲ್ಲಿ ಯಾರೋ ಮದುವೆಯ ಬ್ಯಾನರ್ ಕೇಳಿಕೊಂಡು ಬಂದರು. ಅವಳು ಚಹಾ ಕುಡಿದು ಹೋದಳು.

ಆಟ, ಆಪ್‌ಗಳನ್ನು ಇಳಿಸಿಕೊಳ್ಳುವ ಫೋನಿನ ಅಂಗಡಿಗೆ ಬಂದದ್ದೇ ತಡ, ನಮ್ಮ ಬೀಗರು ಬಿಜ್ಜರಿಗೆಲ್ಲ ಮೈಮೇಲೆ ಬಂದಂತಾಯಿತು. ಶಹಾಪುರದಲ್ಲಿ ತೊಗರಿ ವ್ಯಾಪಾರ ಮಾಡುವ ನಮ್ಮ ಕಾಕಾ ಫೋನ್ ಮಾಡಿದರು. "ಏ, ಅದಕ್ಕ ಐದು ಸ್ಟಾರ್ ಕೊಟ್ಟು ಕೆಳಗ ಅಭಿಪ್ರಾಯ ಬರೀಬೇಕಂತಲ್ಲೋ. ನಮಗೇನ್ ತಿಳೀತದ? ನೀ ಮ್ಯಾಟರ್ ಮಾಡಿ ಗ್ರೂಪಿಗೆ ಹಾಕು, ನಾವು ಎಲ್ಲಾರೂ ಹೊಡೀತೀವಿ."

ನಾನು ಎರಡು ನಿಮಿಷದಲ್ಲಿ ಮ್ಯಾಟರ್ ಮಾಡಿದೆ. ಹಳೆಯ ಸನ್ಮಾನದ ಬ್ಯಾನರ್ ಒಂದನ್ನು ತೆಗೆದು ಅಲ್ಲಲ್ಲಿ ಪದ ಬದಲಿಸಿದೆ, ಅಷ್ಟೇ. 'ಗಡಿನಾಡಿನ ಹೆಮ್ಮೆಯ ಪುತ್ರಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿಯಾದ ಇವರು ರಚಿಸಿರುವ ಯುದ್ಧದ ಆಟವು ಅತ್ಯಂತ ಅರ್ಥಪೂರ್ಣವಾಗಿ ಮೂಡಿಬಂದಿದ್ದು, ಭಗವಂತನು ಇವರಿಗೆ ಆಯುರಾರೋಗ್ಯ ಭಾಗ್ಯ ಕರುಣಿಸಲಿ. ಶುಭ ಕೋರುವವರು: ಬಂಧು ಬಳಗ ಹಾಗೂ ಹಿತೈಷಿಗಳು.' ಇದನ್ನು ಒಂದಕ್ಷರ ಆಚೀಚೆ ಮಾಡದೆ ಎಲ್ಲರೂ ಅಂಟಿಸಿದರು. ಕಾಕಾ ತಮ್ಮ ಗೆಳೆಯರಿಂದಲೂ ಹಾಕಿಸಿದರು. ಸೈದಾಪುರದ ಹತ್ತಿರ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಮಾವನ ಮಗ, ಕನ್ನಡ ಓದಲು ಬಾರದ ತನ್ನ ರೂಮಿನ ಹುಡುಗರಿಂದ ಕೂಡ ಅದನ್ನೇ ಹಾಕಿಸಿದ. ಒಬ್ಬ ಅತ್ತೆ ಕೊನೆಗೆ ಕೈಮುಗಿದ ಚಿತ್ರ ಇಟ್ಟು, ರೂಢಿಯ ಮೇಲೆ 'ಓಂ ಶಾಂತಿ' ಎಂದೂ ಸೇರಿಸಿದಳು.

ಆಡಿದವರು ಯಾರು ಎಂದು ಕೇಳಬೇಡಿ. ಇಳಿಸಿಕೊಂಡರು, ತೆರೆದರು, ಎರಡು ಸಲ ಕೂಗು ಕೇಳಿಸಿಕೊಂಡರು, ಐದು ಚುಕ್ಕಿ ಒತ್ತಿದರು, ಫೋನಿನಲ್ಲಿ ಜಾಗ ಇಲ್ಲ ಎಂದು ಅಳಿಸಿದರು. ನಮ್ಮ ಜನಕ್ಕೆ ಅಭಿಪ್ರಾಯ ಎಂದರೆ ಹಾಜರಿ. ಮದುವೆಗೆ ಹೋಗಿ ಅಕ್ಕಿಕಾಳು ಒಗೆದು ಬರುತ್ತಾರಲ್ಲ, ಕಾಳು ಮದುಮಕ್ಕಳ ಮೇಲೆ ಬಿತ್ತೋ ಮುಂದೆ ನಿಂತವರ ತಲೆಯ ಮೇಲೆ ಬಿತ್ತೋ ಯಾರೂ ನೋಡುವುದಿಲ್ಲ. ಅವರನ್ನೆಲ್ಲ ಮನಸ್ಸಿನಲ್ಲೇ ಬೈದುಕೊಂಡು ಓಡಾಡಿದೆ. ಆ ಮ್ಯಾಟರ್ ಮಾಡಿದವನು ನಾನು ಎಂಬುದನ್ನೂ, ನಾನೂ ಆಡಿಲ್ಲ ಎಂಬುದನ್ನೂ ಅನುಕೂಲಕ್ಕೆ ತಕ್ಕಂತೆ ಮರೆತಿದ್ದೆ. ತಂಗಿ ಎರಡು ಸಲ ಕೇಳಿದಾಗ, "ಸೀಜನ್ ಅದವ್ವಾ, ಕೈ ಬಿಡುವಿಲ್ಲ" ಎಂದೆ.

ಕೆಲವು ದಿನಕ್ಕೆ ಆ ಅಭಿಪ್ರಾಯಗಳೆಲ್ಲ ಮಾಯವಾದವು. ಒಂದೇ ಮಾತನ್ನು ಅಷ್ಟು ಮಂದಿ ಬರೆದರೆ ಅದು ಮೋಸ ಎಂದು ಫೋನಿನ ಅಂಗಡಿಯವರ ಯಂತ್ರ ತಾನೇ ಹಿಡಿದು ಗುಡಿಸಿತ್ತು. ಕಾಕಾ ಕೆರಳಿ ಕೆಂಡವಾದರು. "ನಮ್ಮ ಹುಡುಗಿ ಮ್ಯಾಲ ಬಂದ್ರ ಇವ್ರಿಗೇನ್ ಹೊಟ್ಟಿಕಿಚ್ಚು?" ಎಂದರು. ಯಂತ್ರಕ್ಕೆ ಹೊಟ್ಟೆಕಿಚ್ಚು ಎಲ್ಲಿಂದ ಬರಬೇಕು ಎಂದು ಅವರಿಗೆ ತಿಳಿಹೇಳುವ ಶಕ್ತಿ ನನ್ನಲ್ಲಿರಲಿಲ್ಲ.

ನಂತರದ ಒಂದು ಭಾನುವಾರ ಮಧ್ಯಾಹ್ನ, ಮಿಷನ್ ಕೆಟ್ಟು ಸುಮ್ಮನೆ ಕೂತಿದ್ದಾಗ, ನಮ್ಮವರದು ಹೋಗಿ ಉಳಿದದ್ದೇನು ಎಂದು ತೆಗೆದು ನೋಡಿದೆ. ಉಳಿದದ್ದು ಹೊರಗಿನವರದು. ಯಾವ ಯಾವ ದೇಶದವರೋ, ಯಾವ ಯಾವ ಭಾಷೆಯೋ. ಕನ್ನಡಕ್ಕೆ ತಿರುಗಿಸುವ ಗುಂಡಿ ಒತ್ತಿ ಒಂದೊಂದನ್ನೇ ಓದಿದೆ. ನಮ್ಮವರ ಮೇಲಿದ್ದ ತಾತ್ಸಾರಕ್ಕೆ ಜೊತೆ ಸಿಕ್ಕಿತು. ಒಬ್ಬನಿಗೆ ಆನೆ ಸೋಫಾದಂತೆ ಕಂಡಿತಂತೆ. ಒಬ್ಬನ ಫೋನು ಬಿಸಿಯಾಯಿತಂತೆ, ಅದಕ್ಕೆ ಒಂದು ಚುಕ್ಕಿ. ಒಬ್ಬನಿಗೆ ರಕ್ತ ಸಾಲದು. ಇನ್ನೊಬ್ಬ ಪ್ರತಿ ಸೈನಿಕನಿಗೂ ಬೇರೆ ಬೇರೆ ಗಡ್ಡ ಮೀಸೆ ಬೇಕೆಂದು ಒಂದು ಪುಟ ಬರೆದಿದ್ದ. ಬಿಟ್ಟಿ ಸಿಕ್ಕ ಆಟ, ಒಬ್ಬಳೇ ಹೆಣ್ಣುಮಗಳು ಮಾಡಿದ್ದು, ಅದಕ್ಕೆ ಇವರಿಗೆ ಅರಮನೆಯ ಉಪಚಾರ ಆಗಬೇಕು. ಹೊಟ್ಟೆ ತುಂಬಿದವರ ಮಾತು.

ಆದರೂ ಒಂದನ್ನು ಒಪ್ಪಬೇಕು. ಆ ದರಿದ್ರದವರು ಆಡಿದ್ದರು. ಏಳನೇ ಯುದ್ಧದಲ್ಲಿ ಎಡಗಡೆಯ ಬಂಡೆ ಯಾರೂ ಮುಟ್ಟದೆ ಉರುಳುತ್ತದೆ ಎಂಬುದು ಗಡ್ಡ ಕೇಳಿದವನಿಗೆ ಗೊತ್ತಿತ್ತು. ಆನೆಯನ್ನು ಸೋಫಾ ಎಂದವನು ಹನ್ನೆರಡೂ ಯುದ್ಧ ಮುಗಿಸಿ ಬೈದಿದ್ದ.

ಓದುತ್ತಾ ಹೋದಂತೆ ಒಂದು ದೂರು ಮತ್ತೆ ಮತ್ತೆ ಬಂತು. ಮೂರನೇ ಯುದ್ಧ ಕಪ್ಪು ಬಯಲಿನಲ್ಲಿ ನಡೆಯುತ್ತದೆ. ನಡುವೆ ಮಳೆ ಬರುತ್ತದೆ. ಮಳೆ ಬಂದ ಮೇಲೆ ಸೈನಿಕರು ನಡೆಯುವುದಿಲ್ಲ. ಹೆಜ್ಜೆ ಇಟ್ಟಂತೆಲ್ಲ ಅವರ ಪಾದ ದಪ್ಪವಾಗುತ್ತಾ ಹೋಗುತ್ತದೆ, ಕಾಲೆಳೆಯುತ್ತಾರೆ, ಕವಚ ತೊಟ್ಟ ಭಾರದವರು ನಿಂತೇ ಬಿಡುತ್ತಾರೆ. ಆಟ ಕೆಟ್ಟಿದೆ, ಸರಿಮಾಡಿ ಎಂದು ಒಬ್ಬ. ಮಾಡಿದವರಿಗೆ ಫಿಸಿಕ್ಸಿನ ಗಂಧವಿಲ್ಲ ಎಂದು ಇನ್ನೊಬ್ಬ. ಸೈನಿಕರನ್ನು ನಿಲ್ಲಿಸುವಾಗ ಮೂಲೆಯಲ್ಲಿ ಚಪ್ಪಲಿಯ ಚಿತ್ರದ ಒಂದು ಗುಂಡಿ ಬರುತ್ತದೆ, ಅದು ಯಾವ ಉಪಯೋಗಕ್ಕೂ ಇಲ್ಲ ಎಂದು ಮತ್ತೊಬ್ಬ.

ನಾನು ಕುರ್ಚಿಯಿಂದ ಎದ್ದು ನಿಂತೆ. ಕೆಟ್ಟಿರುವುದು ಇವರ ತಲೆ. ಅದು ಕಪ್ಪು ಜಿಗುಟು ಮಣ್ಣಿನ ಎರೆ ಹೊಲ.

ದೇವಾಪುರದ ಕಡೆ ನಮ್ಮದೊಂದು ಹೊಲವಿದೆ. ಅಲ್ಲಿ ಒಂದು ಹದ ಮಳೆ ಬಿದ್ದ ಮೇಲೆ ಚಪ್ಪಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಬೇಕು. ಮೊದಲ ಹೆಜ್ಜೆಗೆ ಒಂದು ಪದರು ಮಣ್ಣು, ಎರಡನೆಯದಕ್ಕೆ ಅದರ ಮೇಲೊಂದು, ನಾಲ್ಕನೆಯದಕ್ಕೆ ಕಾಲಿಗೆ ಬೀಸುವ ಕಲ್ಲು ಕಟ್ಟಿದಂತಾಗುತ್ತದೆ. ಅದಕ್ಕೆ ನಮ್ಮಲ್ಲಿ ಬದುವಿನ ಹತ್ತಿರ ಬಂದ ಕೂಡಲೇ ದೊಡ್ಡವರು ಚಿಕ್ಕವರು ಎನ್ನದೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯುತ್ತಾರೆ. ಹೈಸ್ಕೂಲಿನಲ್ಲಿದ್ದಾಗ ಒಂದು ಸಲ ನಾನು ಹೊಸ ಬೂಟಿನ ಸೊಕ್ಕಿಗೆ ಬಿಚ್ಚಲಿಲ್ಲ. ನಡು ಹೊಲದಲ್ಲಿ ಗೂಟದ ಹಾಗೆ ನಿಂತೆ. ಏಳು ವರ್ಷದ ತಂಗಿ ಬರಿಗಾಲಲ್ಲಿ ನನ್ನನ್ನು ದಾಟಿ ಓಡಿ, ಬದುವಿನ ಮೇಲೆ ನಿಂತು ಚಪ್ಪಾಳೆ ತಟ್ಟಿ ನಕ್ಕಿದ್ದಳು.

ಚಪ್ಪಲಿಯ ಗುಂಡಿ ಒತ್ತಿದರೆ ಸೈನಿಕರು ಬರಿಗಾಲಾಗುತ್ತಾರೆ ಎಂದೇ ಅರ್ಥ. ಬರಿಗಾಲ ಹಗುರ ಆಳುಗಳನ್ನು ಮುಂದೆ ಬಿಟ್ಟು ಮಳೆಗೆ ಕಾಯಬೇಕು. ಕವಚದವರು ಹೂತು ನಿಂತಾಗ ಹೋಗಿ ಬಡಿಯಬೇಕು. ಇಡೀ ಲೋಕಕ್ಕೆ ತಿಳಿಯದ ಈ ಯುಕ್ತಿ ನಮ್ಮ ಕಡೆಯ ಯಾವ ಮಗುವಿಗಾದರೂ ಒಂದು ಕ್ಷಣದಲ್ಲಿ ತಿಳಿಯುತ್ತಿತ್ತು. ನಮ್ಮ ಕಡಿ ಮಂದಿ ಆಡಿದ್ರ ತಿಳೀಬೇಕು ಎಂದು ಅವಳು ಹೇಳಿದ್ದು ಯಾಕೆ ಎಂದು ನನಗೆ ಆಗ ಹೊಳೆಯಿತು. ಕೂಡಲೇ ಫೋನ್ ಹಚ್ಚಿದೆ.

"ಅದು ನಮ್ಮ ಎರಿ ಹೊಲ ಅಲ್ಲೇನಾ? ಚಪ್ಪಲಿ ಬಿಚ್ಚಿಸಬೇಕು! ಈ ಹುಚ್ಚ ನನ್ಮಕ್ಕಳಿಗೆ ಒಬ್ಬರಿಗೂ ತಿಳಿದಿಲ್ಲ ನೋಡು!"



"ಅಣ್ಣ, ನೀ ಆಡಿದ್ಯಾ?"

"ಆಡ್... ಇಲ್ಲ, ಮಂದಿ ಬರೆದದ್ದು ಓದಿದೆ ಈಗ."

"ನಾ ಆ ಮಣ್ಣು ಹತ್ತೂದು, ಚಪ್ಪಲಿ ಗುಂಡಿ ಎಲ್ಲಾ ತಗದು ಹಾಕೀನಿ. ಮೊನ್ನೆ."

"ಯಾಕ?"

"ಯಾರು ಎಲ್ಲೀತನಕ ಆಡ್ಯಾರ ಅಂತ ನನಗ ಇಲ್ಲಿ ಕಾಣಸ್ತದ. ಹೆಸರು ಇರಂಗಿಲ್ಲ, ಯಾವ ಊರ ಕಡ್ಯಾವ್ರು ಅಂತಷ್ಟೇ. ಯಾದಗಿರಿ, ಶಹಾಪುರ, ಸುರಪುರ, ಯಾರೂ ಎರಡನೇ ಯುದ್ಧ ದಾಟಿಲ್ಲ. ದಾಟಿದವ್ರೆಲ್ಲ ಇದು ತಪ್ಪದ, ತಪ್ಪದ ಅಂದ್ರು. ಹಂಗಲ್ಲ ಅನ್ನಾಕ ಒಬ್ಬರರ ಬೇಕಿತ್ತು. ದಿನಾ ನೋಡ್ತಿದ್ದೆ ನಾ. ಕಡೀಕ ನನಗೇ ತಪ್ಪದ ಅನಸ್ತು."

"ವಾಪಸ್ ಹಾಕವ್ವಾ. ಇವತ್ತೇ ಹಾಕು."

"ಹಾಕಾಕ ಒಂದು ತಾಸು ಸಾಕು. ಯಾರ ಸಲುವಾಗಿ ಹಾಕ್ಲಿ, ಹೇಳು?"

ಇಂಟರ್ನಲ್ ಪರೀಕ್ಷೆಯ ಪೇಪರ್ ತಿದ್ದುವುದಿದೆ ಎಂದು ಅವಳು ಫೋನ್ ಇಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶಟರ್ ಅರ್ಧ ಎಳೆದು, ಅಂದು ಮೊದಲ ಸಲ ಆಟವನ್ನು ಇಳಿಸಿಕೊಂಡು ಕೂತೆ. ಮೊದಲ ಯುದ್ಧ ಗೆದ್ದೆ. ಎರಡನೆಯದರಲ್ಲಿ ಮೂರು ಸಲ ಸೋತೆ, ನನ್ನ ಆನೆ ನನ್ನವರ ಮೇಲೆಯೇ ಬಿತ್ತು, ನಗು ಬರಲಿಲ್ಲ. ನಾಲ್ಕನೇ ಸಲಕ್ಕೆ ದಾಟಿದೆ. ಕಪ್ಪು ಬಯಲು ಬಂತು. ಬದು, ಬದುವಿನ ಮೇಲೊಂದು ಜಾಲಿ ಗಿಡ. ಮೂಲೆಯಲ್ಲಿ ಚಪ್ಪಲಿಯ ಗುಂಡಿ ಇರಲಿಲ್ಲ. ಕವಚದವರನ್ನೇ ಸಾಲಾಗಿ ನಿಲ್ಲಿಸಿ ಬಿಟ್ಟೆ. ಮಳೆ ಜೋರಾಗಿ ಸುರಿಯಿತು. ನನ್ನ ಆಳುಗಳು ಆ ಎರೆಯ ಮೇಲೆ, ಬೂಟು ಹಾಕಿಕೊಂಡು, ಡಾಂಬರು ರಸ್ತೆಯ ಮೇಲೆ ಓಡಿದಂತೆ ಓಡಿಹೋದರು. ಒಬ್ಬನ ಕಾಲಿಗೂ ಒಂದು ಚೂರು ಮಣ್ಣು ಹತ್ತಲಿಲ್ಲ. ಒಂದು ನಿಮಿಷವೂ ಆಗಿರಲಿಲ್ಲ, ನಾನು ಗೆದ್ದಿದ್ದೆ.