ಕಲ್ಲು ಸುತ್ತುವ ರಜನಿ

ತಾಳಗುಂದದ ಹೊರಗೆ, ಆಳೆತ್ತರದ ಮೆಕ್ಕೆಜೋಳದ ನಡುವೆ, ಇಬ್ಬನಿ ಇನ್ನೂ ಆರಿಲ್ಲ. ಗಂಡನ ಚಿತೆಯೇರಿದ ಯಾವಳೋ ಒಬ್ಬಳ ನೆನಪಿಗೆ ನೆಟ್ಟ ಮಾಸ್ತಿಕಲ್ಲು. ಅದರಲ್ಲಿ ಬಳೆ ತೊಟ್ಟ ಒಂದು ತೋಳು ಕೆತ್ತಿದೆ. ರಜನಿ ಅದನ್ನು ಸುತ್ತುತ್ತಿದ್ದಾರೆ. ಒಂದು ಹೆಜ್ಜೆ, ಒಂದು ಫೋಟೋ. ಬಿಸಿಲೇರಿದರೆ ನೆರಳು ಸರಿದಾಡಿ ಕೆಲಸ ಕೆಡುತ್ತದೆ.

ಹೊಸಬಾಳೆಯ ರೈತರ ಮಗಳು ರಜನಿ ಮೊದಲು ಶಿಕಾರಿಪುರದ ಸ್ಟುಡಿಯೊದಲ್ಲಿ ಮದುವೆ ಆಲ್ಬಂ ಮಾಡುತ್ತಿದ್ದವರು. ಆರು ವರ್ಷದಲ್ಲಿ ಎರಡು ತಾಲ್ಲೂಕಿನ ಇನ್ನೂರ ಹನ್ನೊಂದು ಕಲ್ಲು ಸುತ್ತಿದ್ದಾರೆ. ಕಲ್ಲಿಗೆ ಇನ್ನೂರ ನಲವತ್ತು ಫೋಟೋ. ಕಂಪ್ಯೂಟರ್ ಅವನ್ನೆಲ್ಲ ಬೆಸೆದು, ಯಾವ ಕಡೆಗೆ ತಿರುಗಿಸಿದರೂ ಕಾಣುವ ಒಂದೇ ಕಲ್ಲಾಗಿ ನಿಲ್ಲಿಸುತ್ತದೆ. "ಹತ್ತು ಕಡೆಯಿಂದ ಕಂಡಿದ್ದು ಉಳೀತದೆ, ಒಂದೇ ಕಡೆ ಕಂಡಿದ್ದು ಅಳಿಸೋಗ್ತದೆ. ನಾಯಿ ಅಡ್ಡ ಬಂದ್ರೂ ಗೊತ್ತಾಗಲ್ಲ ರೀ," ಎನ್ನುತ್ತಾರೆ ರಜನಿ.

ನಿನ್ನೆ ಇದೇ ಕಲ್ಲನ್ನು ಸುತ್ತಿದಾಗ ಮಾತ್ರ ಒಂದು ಆಕೃತಿ ಅಳಿಯದೆ ಉಳಿದಿತ್ತು. ಕಲ್ಲಿಗೆ ಒತ್ತಿ ನಿಂತ, ಹೊಗೆಯಂಥ ಹೆಂಗಸು. ಹಿಂಬದಿಯ ಅಕ್ಷರವೆಲ್ಲ ಆಕೆಯ ಸೆರಗಿನಲ್ಲಿ ಮಸುಕು. ಹೊಲದೊಡತಿ ಉಚ್ಚಂಗಮ್ಮಜ್ಜಿ ಪರದೆ ನೋಡಿ ನಕ್ಕರು: "ಉಸಿರಿರಾಗ್ಲೇ ನನ್ನ ದೆವ್ವ ಮಾಡಿದ್ಯಲ್ಲೇ ತಂಗೀ!"

ಮಾಸ್ತಿಯನ್ನು ಯಾರೂ ಒಂಟಿಯಾಗಿ ಸುತ್ತಬಾರದು. ಇದು ಇಲ್ಲಿನ ಕಟ್ಟಳೆ. ಅದಕ್ಕೇ ನಿನ್ನೆ ಅಜ್ಜಿ ರಜನಿಯ ಮುಂದೆ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದಿದ್ದರು. ಕ್ಯಾಮೆರಾದ ಜೊತೆಗೇ ಸಾಗಿ ಎಲ್ಲ ಫೋಟೋದಲ್ಲೂ ಸಿಕ್ಕಿಬಿದ್ದಿದ್ದರು. ಇವತ್ತು ಮಧ್ಯಾಹ್ನ ರಸ್ತೆ ಅಗಲಿಸುವವರು ಕಲ್ಲನ್ನು ಕಿತ್ತು ಸಾಗಿಸುತ್ತಾರೆ. ಈ ಬೆಳಗು ತಪ್ಪಿದರೆ, ಅದು ಈ ನೆಲದಲ್ಲಿ ನಿಂತಿದ್ದ ಬಗೆ ಮತ್ತೆ ಸಿಗದು.

"ಹಂಗಾರೆ ಹಿಂದಿಂದ ಬರ್ತೀನಿ ತಗಾ," ಎಂದು ಅಜ್ಜಿ ರಜನಿಯ ಹೆಗಲಿಗೆ ಕೈಯಿಟ್ಟಿದ್ದಾರೆ. ಐದು ಸುತ್ತು. ಬರಬರುತ್ತ ಕೈ ತಣ್ಣಗಾಗುತ್ತದೆ, ಭಾರವಾಗುತ್ತದೆ. ತಿರುಗಿದರೆ ಕ್ಯಾಮೆರಾ ಅಲುಗೀತೆಂದು ರಜನಿ ತಿರುಗುವುದಿಲ್ಲ.

ಕೊನೆಯ ಫೋಟೋ ಮುಗಿಯುತ್ತಲೇ ಹೆಗಲು ಹಗುರ. ಹಿಂದೆ ಯಾರೂ ಇಲ್ಲ. ಅಜ್ಜಿ ಜೋಳದ ಸಾಲಿನೊಳಗಿಂದ ಸೊಂಟ ಹಿಡಿದು ಏಳುತ್ತಾರೆ.

"ಯಾವಾಗ ಕೂತೆ ಅಜ್ಜೀ?"

"ಎರಡನೇ ಸುತ್ತಿಗೇ ಕಣವ್ವಾ. ಮಂಡಿ ಹಿಡ್ಕಂತು. ಕೂಗಿದ್ರೆ ನಿನ್ನ ಫೋಟೋ ಕೆಡ್ತದೇನೋ ಅಂತ ಸುಮ್ನಾದೆ."

ರಜನಿ ಹೆಗಲು ಮುಟ್ಟಿಕೊಳ್ಳುತ್ತಾರೆ. ಬದುವಿನ ಮೇಲೆ ಕೂತು ಲ್ಯಾಪ್‌ಟಾಪ್‌ನಲ್ಲಿ ಫೋಟೋ ಬೆಸೆಯುತ್ತಾರೆ. ಪರದೆಯಲ್ಲಿ ಕಲ್ಲು ನಿಧಾನಕ್ಕೆ ತಿರುಗುತ್ತದೆ. ಅದರ ಪಕ್ಕದಲ್ಲಿ ಯಾರೂ ಇಲ್ಲ. ಹಿಂಬದಿಯ ಅಕ್ಷರ ಒಂದೊಂದೂ ಸ್ಪಷ್ಟ.

"ಒಂಟಿಯಾಗಂತೂ ಸುತ್ತಲಿಲ್ಲ ಬಿಡಿ," ಎನ್ನುತ್ತಾರೆ ರಜನಿ, ಪರದೆಯ ಕಲ್ಲನ್ನು ಇನ್ನೊಮ್ಮೆ ತಿರುಗಿಸುತ್ತ. "ಆದ್ರೂ ನೋಡಿ, ಒಂದು ಫೋಟೋನೂ ಅಲುಗಿಲ್ಲ."